ಹೊಸ ಸೈಲೆನ್ಸರ್ ಎಲ್ಲೋ ತಗುಲುತ್ತಿದೆಯೇ? ರಬ್ಬರ್, ಸುತ್ತಿಗೆ, ವೆಲ್ಡಿಂಗ್‌ಗಳಲ್ಲಿ ಯಾವುದನ್ನು ಆರಿಸಬೇಕು

ಕಂಪನಿ ಕೊಟ್ಟ ಸೈಲೆನ್ಸರ್ ಬಿಚ್ಚಿ ಹೊರಗಿನದನ್ನು ಹಾಕಿಸಿದ ವಾರದೊಳಗೇ ಕಾರಿನ ತಳದಲ್ಲಿ ‘ಟಕ್ ಟಕ್’ ಶುರುವಾಗುವುದು ಹೊಸ ಸಂಗತಿಯಲ್ಲ. ಹಂಪ್ ಇಳಿಯುವಾಗ ಒಂದು ಬಡಿತ, ಕ್ಲಚ್ ಬಿಡುವಾಗ ಇನ್ನೊಂದು, ಸಿಗ್ನಲ್‌ನಲ್ಲಿ ನಿಂತಾಗ ಸೀಟಿನವರೆಗೂ ಬರುವ ನಡುಕ. ಗ್ಯಾರೇಜಿಗೆ ಹೋದರೆ ಒಬ್ಬ ಮೆಕ್ಯಾನಿಕ್ ರಬ್ಬರ್ ಬದಲಿಸೋಣ ಎನ್ನುತ್ತಾನೆ, ಮತ್ತೊಬ್ಬ ಪೈಪ್ ಕತ್ತರಿಸಿ ವೆಲ್ಡಿಂಗ್ ಮಾಡೋಣ ಎನ್ನುತ್ತಾನೆ, ಮೂರನೆಯವನು ಆಗಲೇ ಸುತ್ತಿಗೆ ಎತ್ತಿಕೊಂಡಿರುತ್ತಾನೆ. ಮೂವರ ಮಾತಿನಲ್ಲೂ ಹುರುಳಿರಬಹುದು. ಪೈಪ್ ಯಾವುದಕ್ಕೆ ತಗುಲಿದೆ ಎಂದು ಎಲ್ಲರೂ ನೋಡುತ್ತಾರೆ. ತಗುಲುವ ಹೊತ್ತಿನಲ್ಲಿ ಅಲುಗಿದ್ದು ಯಾವುದು ಎಂದು ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಕಾರಿನ ಕೆಳಗೆ ಅಲುಗುವವು ಮೂರು: ಎಂಜಿನ್, ಹಿಂದಿನ ಆಕ್ಸಲ್, ಬಿಸಿಯಾದಾಗ ಉದ್ದವಾಗುವ ಪೈಪ್. ನಾಲ್ಕನೆಯದು ರಸ್ತೆ. ಅದು ಅಲುಗುವುದಿಲ್ಲ, ನಮ್ಮ ಕಡೆ ಎಲ್ಲೆಂದರಲ್ಲಿ ಎದ್ದು ನಿಲ್ಲುತ್ತದೆ ಅಷ್ಟೆ.

ಸದ್ದು ಕೇಳಿ ಜಾಗ ಹಿಡಿಯುವುದು

ಮೊದಲ ಗೇರಿನಲ್ಲಿ ಹೊರಡುವಾಗ ಅಥವಾ ರಿವರ್ಸ್ ಹಾಕಿದಾಗ ಮಾತ್ರ ಬಡಿತ ಕೇಳಿದರೆ ಎಂಜಿನ್ ಓಲಾಡುತ್ತಿದೆ ಎಂದರ್ಥ; ತಗುಲುವ ಜಾಗ ಮುಂಭಾಗದಲ್ಲಿ, ಎಂಜಿನ್ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮ್ ಅಥವಾ ಸ್ಟೀರಿಂಗ್ ರ‍್ಯಾಕ್‌ನ ಆಸುಪಾಸಿನಲ್ಲಿರುತ್ತದೆ. ಹಂಪ್ ದಾಟುವಾಗ, ಅದರಲ್ಲೂ ಹಿಂದಿನ ಸೀಟು ತುಂಬಿರುವಾಗ ಕೇಳಿದರೆ ಹಿಂದಿನ ಆಕ್ಸಲನ್ನು ಅನುಮಾನಿಸಿ. ಬೆಳಿಗ್ಗೆ ತಣ್ಣಗಿರುವಾಗ ಸುಮ್ಮನಿದ್ದು ಅರ್ಧ ಗಂಟೆ ಓಡಿದ ಮೇಲೆ ಶುರುವಾದರೆ, ಪೈಪ್ ಹಿಗ್ಗಿ ಏನನ್ನೋ ಮುಟ್ಟುತ್ತಿದೆ. ಒಂದೇ ಆರ್‌ಪಿಎಂನಲ್ಲಿ ತಗಡು ಝೇಂಕರಿಸಿದಂತೆ ಕೇಳಿದರೆ ಅದು ಹೆಚ್ಚಾಗಿ ಶಾಖ ತಡೆಯುವ ತಗಡಿನ, ಅಂದರೆ ಹೀಟ್ ಶೀಲ್ಡ್‌ನ ಅಂಚು. ಅದನ್ನು ಕೈಯಲ್ಲೇ ಬಗ್ಗಿಸಿ ಮನೆಗೆ ಹೋಗಬಹುದು.

ಕಣ್ಣಿಗೂ ಗುರುತು ಸಿಗುತ್ತದೆ. ತಗುಲಿದ ಜಾಗದಲ್ಲಿ ಧೂಳೂ ಇರುವುದಿಲ್ಲ, ತುಕ್ಕೂ ಇರುವುದಿಲ್ಲ, ಲೋಹ ಹೊಳೆಯುತ್ತಿರುತ್ತದೆ. ಆ ಹೊಳಪು ಪೈಪಿನ ಉದ್ದಕ್ಕೆ ಎಳೆದ ಗೆರೆಯಂತಿದ್ದರೆ ಪೈಪ್ ಹಿಗ್ಗುತ್ತ ಕುಗ್ಗುತ್ತ ಉಜ್ಜುತ್ತಿದೆ. ಬೊಟ್ಟಿನಂತೆ ಒಂದೇ ಕಡೆ ಇದ್ದರೆ ಬಡಿಯುತ್ತಿದೆ. ಟಾರ್ಚ್ ಹಿಡಿದು ಐದು ನಿಮಿಷ ನೋಡಿದರೆ ಗ್ಯಾರೇಜಿನ ಅರ್ಧ ದಿನದ ಊಹೆ ತಪ್ಪುತ್ತದೆ.

ಹಿಗ್ಗುವ ವಿಚಾರವನ್ನು ಹಲವರು ಹಗುರವಾಗಿ ಕಾಣುತ್ತಾರೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪ್ರತಿ 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಮೀಟರಿಗೆ ಸುಮಾರು 1.7 ಮಿ.ಮೀ. ಉದ್ದವಾಗುತ್ತದೆ. ಮೂರು ಮೀಟರ್ ಪೈಪ್ ಸರಾಸರಿ 300 ಡಿಗ್ರಿ ಬಿಸಿಯಾದರೆ ಲೆಕ್ಕ 15 ಮಿ.ಮೀ.ಗೆ ಬಂದು ನಿಲ್ಲುತ್ತದೆ. ಸಾಧಾರಣ ಉಕ್ಕಿನಲ್ಲಿ ಅದೇ ಲೆಕ್ಕ 11 ಮಿ.ಮೀ. ಹತ್ತಿರ. ಹಳೆಯ ಪೈಪಿಗೆ ಸಾಕಾಗಿದ್ದ ಸಂದು ಹೊಳೆಯುವ ಹೊಸ ಪೈಪಿಗೆ ಸಾಲದೆ ಹೋಗುವುದಕ್ಕೆ ಇದೂ ಒಂದು ಕಾರಣ. ಎಂಜಿನ್ ಕಡೆಯ ತುದಿ ಬಿಗಿಯಾಗಿರುವುದರಿಂದ ಪೈಪ್ ಬೆಳೆಯುವುದೆಲ್ಲ ಹಿಂದಕ್ಕೆ. ಆದ್ದರಿಂದ ತಣ್ಣಗಿನ ಕಾರಿನ ಕೆಳಗೆ ಅಳೆದ ಅಂತರವನ್ನು ನಂಬಬೇಡಿ. ಓಡಿಸಿ ಬಂದು ಮತ್ತೊಮ್ಮೆ ನೋಡಿ, ಕೈ ಮಾತ್ರ ದೂರವಿರಲಿ.

ಕಾಸು ಖರ್ಚಿಲ್ಲದ ಆಯ್ಕೆ

ಯಾವ ಪೈಪ್ ಎಲ್ಲಿ ತಗುಲಿದರೂ ನನ್ನ ಮೊದಲ ಮಾತು ಒಂದೇ: ಎಲ್ಲ ಜೋಡಣೆಗಳನ್ನೂ ಸಡಿಲಿಸಿ, ಮುಂದಿನಿಂದ ಮತ್ತೆ ಕೂರಿಸಿ. ಮುಂದಿನ ಫ್ಲೇಂಜ್ (ಬೋಲ್ಟ್ ಹಾಕಿ ಎರಡು ಪೈಪ್ ಕೂಡಿಸುವ ತಟ್ಟೆ) ಒಂದು ಡಿಗ್ರಿ ವಾರೆಯಾಗಿ ಕುಳಿತರೆ ಮೂರು ಮೀಟರ್ ಹಿಂದೆ, ಬಂಪರಿನ ಬಳಿ, ಪೈಪ್ 52 ಮಿ.ಮೀ. ಜರುಗಿರುತ್ತದೆ. ಒಂದು ಡಿಗ್ರಿ ವಾರೆ ಕಣ್ಣಿಗೆ ಬೀಳುವುದಿಲ್ಲ. ಐದು ಸೆಂಟಿಮೀಟರ್ ಎಲ್ಲರಿಗೂ ಕಾಣುತ್ತದೆ. ಹಾಗಾಗಿಯೇ ಎಲ್ಲರೂ ಬಂಪರಿನ ಬಳಿ ರಿಪೇರಿ ಮಾಡಲು ಹೊರಡುತ್ತಾರೆ.

ಕೆಲಸ ಹೀಗಿರಬೇಕು. ನಟ್‌ಗಳೆಲ್ಲ ಬೆರಳಿನಲ್ಲಿ ತಿರುಗಿಸುವಷ್ಟು ಮಾತ್ರ ಬಿಗಿ, ಕ್ಲ್ಯಾಂಪ್‌ಗಳು ಸಡಿಲ. ಪೈಪ್ ಪೂರ್ತಿಯಾಗಿ ರಬ್ಬರ್‌ಗಳಲ್ಲಿ ತೂಗಲಿ. ಅದನ್ನು ಅತ್ತಿತ್ತ ತಿರುಗಿಸಿ, ಎಲ್ಲ ಕಡೆ ಸಂದು ಸಿಕ್ಕ ಮೇಲೆ ಎಂಜಿನ್ ಕಡೆಯಿಂದ ಒಂದೊಂದೇ ಜೋಡಣೆ ಬಿಗಿಸುತ್ತ ಹಿಂದಕ್ಕೆ ಬರಬೇಕು. ಹಿಂದಿನಿಂದ ಮುಂದಕ್ಕೆ ಬಿಗಿಸಿದರೆ ಎಲ್ಲ ವಾರೆಯೂ ಮುಂದಿನ ಫ್ಲೇಂಜಿನ ಮೇಲೆ ಬಿದ್ದು ಪ್ಯಾಕಿಂಗ್ ಸೋರತೊಡಗುತ್ತದೆ. ಒಂದು ಪೈಪ್ ಇನ್ನೊಂದರೊಳಗೆ ತೂರುವ ಸ್ಲಿಪ್ ಜಾಯಿಂಟ್ ಇರುವ ಕಿಟ್‌ಗಳಲ್ಲಿ ಈ ಹೊಂದಾಣಿಕೆಗೆ ಹೆಚ್ಚು ಅವಕಾಶ. ಸುತ್ತಲೂ ಪಟ್ಟಿ ಬಿಗಿಯುವ ವಿ-ಬ್ಯಾಂಡ್ ಇದ್ದರಂತೂ ಪೈಪನ್ನು ಯಾವ ಕೋನಕ್ಕಾದರೂ ತಿರುಗಿಸಬಹುದು. ಎರಡು ಬೋಲ್ಟ್‌ಗಳ ಫ್ಲೇಂಜ್ ಅಗ್ಗ, ಆದರೆ ಅದು ತೂತು ಇರುವ ಕೋನಕ್ಕೇ ಕೂರುತ್ತದೆ, ಅದರ ಕಿವಿಗಳೇ ಕೆಲವೊಮ್ಮೆ ತಳಕ್ಕೆ ತಗುಲುತ್ತವೆ. ಹೊಸದಾಗಿ ಕಿಟ್ ಆರಿಸುವವರು ಇದೊಂದನ್ನು ನೋಡಿಕೊಂಡರೂ ಮುಂದಿನ ತಲೆನೋವು ಅರ್ಧ ಕಡಿಮೆ.

ರಬ್ಬರ್‌ಗಳಲ್ಲಿ ಯಾವುದು

ಹೊಸ ಪೈಪನ್ನು ಹಳೆಯ ರಬ್ಬರ್‌ಗೇ ನೇತುಹಾಕುವುದು ನಮ್ಮಲ್ಲಿ ವಾಡಿಕೆ. ಏಳೆಂಟು ವರ್ಷ ತೂಗಿದ ರಬ್ಬರ್ ಜಗ್ಗಿ ಉದ್ದವಾಗಿರುತ್ತದೆ, ಬಾಯಿ ಬಿಟ್ಟಿರುತ್ತದೆ. ಕಂಪನಿಯದೇ ಹೊಸ ರಬ್ಬರ್ ಹಾಕಿದರೆ ಪೈಪ್ ಎಷ್ಟೋ ಬಾರಿ ತಾನಾಗಿ ಮೇಲೇರುತ್ತದೆ. ಖರ್ಚು ನೂರರ ಲೆಕ್ಕದಲ್ಲಿ. ಅಳತೆಯಲ್ಲಿ ಗಿಡ್ಡದಾದ ರಬ್ಬರ್ ಹಾಕಿ ಇನ್ನೂ ಎತ್ತಬಹುದು, ಆದರೆ ರಸ್ತೆಯಿಂದ ಗಳಿಸಿದ್ದನ್ನು ಕಾರಿನ ನೆಲಹಾಸಿಗೆ ಕೊಡಬೇಕಾಗುತ್ತದೆ.

ಕೆಂಪು, ನೀಲಿ ಬಣ್ಣದ ಪಾಲಿಯುರೆಥೇನ್ ಹ್ಯಾಂಗರ್‌ಗಳು ನೋಡಲು ಗಟ್ಟಿ. ಪೈಪಿನ ತೂಗಾಟವನ್ನು ಅವು ನಿಜಕ್ಕೂ ತಡೆಯುತ್ತವೆ. ಆದರೆ ಆ ಗಟ್ಟಿತನವೇ ಎಂಜಿನ್ನಿನ ನಡುಕವನ್ನು ಕಾರಿನ ಮೈಗೆ ಸಾಗಿಸುತ್ತದೆ, ಜೊತೆಗೆ ಪಾಲಿಯುರೆಥೇನ್ ಶಾಖಕ್ಕೆ ರಬ್ಬರಿಗಿಂತ ಬೇಗ ಸೋಲುತ್ತದೆ. ಸದ್ದು ಅಡಗಿಸುವ ಹಿಂದಿನ ಡಬ್ಬಿಗೆ, ಅಂದರೆ ಮಫ್ಲರ್‌ಗೆ ಹಾಕಿಸಿಕೊಳ್ಳಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಳಿ ಬೇಡ. ರಬ್ಬರನ್ನು ಕೊಕ್ಕೆಗೆ ಏರಿಸಲು ಎಂಜಿನ್ ಆಯಿಲ್ ಸವರುವ ಅಭ್ಯಾಸವೂ ಒಳ್ಳೆಯದಲ್ಲ. ಸೈಲೆನ್ಸರ್ ರಬ್ಬರ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನಿಂದ ಆಗಿರುತ್ತವೆ, ಅದು ಖನಿಜ ತೈಲ ಕುಡಿದು ಊದಿಕೊಳ್ಳುತ್ತದೆ. ಸೋಪಿನ ನೀರು ಸಾಕು.

ಪೈಪಿನ ಮೇಲಿನ ಕೊಕ್ಕೆಯೇ ತಪ್ಪು ಜಾಗದಲ್ಲಿದ್ದರೆ ಅದನ್ನು ಕತ್ತರಿಸಿ ಒಂದಿಂಚು ಆಚೆ ಕೂರಿಸುವುದು ಸಣ್ಣ ವೆಲ್ಡಿಂಗ್ ಕೆಲಸ. ಕಾರಿನ ಮೈಗೆ ಹೊಸ ತೂತು ಕೊರೆಯುವುದಕ್ಕಿಂತ ಎಷ್ಟೋ ಮೇಲು. ಕೊರೆದ ತೂತಿನಿಂದ ಶುರುವಾಗುವ ತುಕ್ಕು ಮಂಗಳೂರು, ಉಡುಪಿ ಕಡೆಯವರಿಗೆ ಬೇಗ ಪರಿಚಯವಾಗುತ್ತದೆ.

ಎಂಜಿನ್ ಓಲಾಡುತ್ತಿದ್ದರೆ

ಇಲ್ಲಿ ಪೈಪಿಗೆ ಕೈ ಹಾಕುವ ಮೊದಲು ಎಂಜಿನ್ ಕೂತಿರುವ ರಬ್ಬರ್ ಆಸರೆ, ಅಂದರೆ ಎಂಜಿನ್ ಮೌಂಟಿಂಗ್ ನೋಡಿ. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ ಒಬ್ಬರು ಮೊದಲ ಗೇರಿನಲ್ಲಿ ಕ್ಲಚ್ಚನ್ನು ತುಸು ಬಿಡಲಿ. ನೀವು ಕಾರಿನ ಮುಂದೆ ನಿಲ್ಲದೆ ಪಕ್ಕದಿಂದ ನೋಡಿ. ಎಂಜಿನ್ ಮೈ ಕೊಡವಿದಂತೆ ಎಗರಿದರೆ ಮೌಂಟಿಂಗ್ ಹೋಗಿದೆ. ಅದನ್ನು ಬದಲಿಸದೆ ಪೈಪ್ ಬಗ್ಗಿಸುವುದು ಹಣ ಪೋಲು.

ಎರಡನೆಯ ಕಾರಣ, ಅಗ್ಗದ ಕಿಟ್‌ಗಳಲ್ಲಿ ಬಳುಕುವ ಭಾಗವನ್ನೇ ಬಿಟ್ಟುಬಿಟ್ಟಿರುವುದು. ಕಂಪನಿಯ ಪೈಪಿನಲ್ಲಿ ಜಾಲರಿ ಹೆಣೆದ ಫ್ಲೆಕ್ಸ್ ಇರುತ್ತದೆ, ಇಲ್ಲವೇ ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿರುವಂತೆ ಸ್ಪ್ರಿಂಗ್ ಬೋಲ್ಟ್‌ಗಳಿರುವ ಗುಂಡು ಜೋಡಣೆ ಇರುತ್ತದೆ. ಅದರ ಜಾಗದಲ್ಲಿ ನೇರ ಪೈಪ್ ಬಂದರೆ ಎಂಜಿನ್ನಿನ ಪ್ರತಿ ಅಲುಗಾಟವೂ ಬಾಲದವರೆಗೆ ಹೋಗುತ್ತದೆ. ಫ್ಲೆಕ್ಸ್ ಸೇರಿಸುವುದೇ ಇದಕ್ಕೆ ಮದ್ದು, ಆದರೆ ಎಂಜಿನ್ನಿಗೆ ಹತ್ತಿರ, ನೇರವಾದ ತುಂಡಿನಲ್ಲಿ. ವಾರೆಯಾದ ಎರಡು ಪೈಪ್‌ಗಳನ್ನು ಕೂಡಿಸಲು ಫ್ಲೆಕ್ಸನ್ನು ಬಗ್ಗಿಸಿ ಹಾಕಿದರೆ ಅದರ ಜಾಲರಿ ಬೇಗ ಹರಿಯುತ್ತದೆ.

ಹಿಂದಿನ ಆಕ್ಸಲ್: ಲಿಫ್ಟ್ ಮೋಸ ಮಾಡುವ ಜಾಗ

ಹೊಸ ಗ್ಯಾರೇಜ್‌ಗಳ ಎರಡು ಕಂಬದ ಲಿಫ್ಟ್ ಕಾರನ್ನು ಬಾಡಿಯಿಂದ ಎತ್ತುತ್ತದೆ. ಚಕ್ರಗಳು ಜೋತುಬೀಳುತ್ತವೆ, ಅವುಗಳ ಜೊತೆ ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ತೊಲೆಯಾದ ಟಾರ್ಷನ್ ಬೀಮ್ ಕೂಡ. ಪೈಪ್ ಬೀಮಿನ ಮೇಲೆ ಹಾದುಹೋಗುವ ಕಾರುಗಳಲ್ಲಿ ಆಗ ಎರಡರ ನಡುವೆ ಕೈ ತೂರಿಸುವಷ್ಟು ಜಾಗ ಕಾಣುತ್ತದೆ. ಕಾರು ನೆಲಕ್ಕಿಳಿದಾಗ ಬೀಮ್ ಮೇಲೇರುತ್ತದೆ. ನಾಲ್ಕು ಜನ ಕೂತು ಹಂಪ್ ಹಾರಿಸಿದಾಗ ಇನ್ನೂ ಮೇಲೆ. ‘ಸಾರ್, ಲಿಫ್ಟ್‌ನಲ್ಲಿ ನೋಡಿದಾಗ ಬೇಕಾದಷ್ಟು ಜಾಗವಿತ್ತಲ್ಲ’ ಎಂದು ಮೆಕ್ಯಾನಿಕ್ ಹೇಳುವುದರಲ್ಲಿ ಸುಳ್ಳಿಲ್ಲ, ಲಿಫ್ಟ್‌ನಲ್ಲಿ ಇದ್ದದ್ದು ನಿಜ. ಈ ಒಂದು ಕೆಲಸಕ್ಕೆ ಹಳೆಯ ಗ್ಯಾರೇಜಿನ ಗುಂಡಿಯೇ ವಾಸಿ. ಕಾರು ತನ್ನ ಚಕ್ರಗಳ ಮೇಲೆ ನಿಂತಿರುತ್ತದೆ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಕೆಳಗಿನಿಂದ ನೋಡಬಹುದು. ನಾಲ್ಕು ಕಂಬದ ಲಿಫ್ಟ್ ಕೂಡ ಆದೀತು, ಅದು ಚಕ್ರಗಳನ್ನೇ ಹೊತ್ತಿರುತ್ತದೆ.

ಖಚಿತ ಉತ್ತರ ಬೇಕೆಂದರೆ ಚಪಾತಿ ಹಿಟ್ಟಿನ ಪರೀಕ್ಷೆ ಮಾಡಿ. ತಣ್ಣಗಿನ ಕಾರಿನಲ್ಲಿ, ಪೈಪಿಗೆ ಎದುರಾಗಿ ಬೀಮಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಹಿಟ್ಟಿನ ಉಂಡೆ ಅಂಟಿಸಿ, ನೆತ್ತಿಗೆ ಎಣ್ಣೆ ಸವರಿ. ಜನರನ್ನು ಕೂರಿಸಿಕೊಂಡು ಹತ್ತಿರದ ಹಂಪನ್ನು ಎರಡು ಬಾರಿ ದಾಟಿ ಬನ್ನಿ. ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟೇ ನಿಮ್ಮ ನಿಜವಾದ ಸಂದು. ರೇಸ್ ಎಂಜಿನ್ ಕಟ್ಟುವವರು ಪಿಸ್ಟನ್ ಮತ್ತು ವಾಲ್ವ್ ನಡುವಿನ ಜಾಗವನ್ನು ಜೇಡಿಮಣ್ಣಿನಿಂದ ಅಳೆಯುವುದೂ ಇದೇ ಉಪಾಯದಿಂದ.

ನಾನು ಇಟ್ಟುಕೊಂಡ ಲೆಕ್ಕ: ಅಲುಗದ ಬಾಡಿಯ ಭಾಗಕ್ಕೆ ಕನಿಷ್ಠ 12 ಮಿ.ಮೀ., ಅಲುಗುವ ಭಾಗಕ್ಕೆ ಪೂರ್ತಿ ಅದುಮಿದಾಗಲೂ 10 ಮಿ.ಮೀ. ಉಳಿಯಬೇಕು. ಬ್ರೇಕ್ ಪೈಪ್, ಇಂಧನದ ಪೈಪ್, ಪ್ಲಾಸ್ಟಿಕ್ ಟ್ಯಾಂಕ್‌ಗಳಿಗೆ 25 ಮಿ.ಮೀ. ಮತ್ತು ನಡುವೆ ಒಂದು ತಗಡಿನ ಮರೆ. ಆಕ್ಸಲ್ ಬಳಿ ಸಂದು ಸಾಲದಿದ್ದರೆ ರಬ್ಬರ್ ಬದಲಿಸಿ ಪಾರಾಗಲು ಆಗುವುದಿಲ್ಲ. ಪೈಪಿನ ಆಕಾರವೇ ಬದಲಾಗಬೇಕು.

ಸುತ್ತಿಗೆಯೋ, ಅಂಡಾಕಾರವೋ, ವೆಲ್ಡಿಂಗೋ

ಪೈಪಿಗೆ ತಗ್ಗು ಬಿದ್ದರೆ ಎಂಜಿನ್ನಿನ ಶಕ್ತಿ ಹೋಗುತ್ತದೆ ಎಂಬ ಭಯ ಉತ್ಪ್ರೇಕ್ಷೆಯದು. 63.5 ಮಿ.ಮೀ., ಅಂದರೆ ಎರಡೂವರೆ ಇಂಚಿನ ಪೈಪನ್ನು ಸಮನಾಗಿ ಅದುಮಿ 50 ಮಿ.ಮೀ. ಎತ್ತರದ ಅಂಡಾಕಾರಕ್ಕೆ ತಂದಿರಿ ಎನ್ನೋಣ. ಸುತ್ತಳತೆ ಬದಲಾಗುವುದಿಲ್ಲ, ಅಗಲ ಸುಮಾರು 76 ಮಿ.ಮೀ. ಆಗುತ್ತದೆ, ಹೊಗೆ ಸಾಗುವ ಜಾಗ ಕಡಿಮೆಯಾಗುವುದು ಶೇ 6ರಿಂದ 7ರಷ್ಟು ಮಾತ್ರ. ಬದಲಿಗೆ ಸಿಕ್ಕ ಎತ್ತರ 13.5 ಮಿ.ಮೀ. ಪಕ್ಕದಲ್ಲಿ ಜಾಗವಿದ್ದರೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಕೆಲವು ಕಡೆ ಅಂಡಾಕಾರದ ಪೈಪ್ ಸಿದ್ಧವಾಗಿಯೇ ಸಿಗುತ್ತದೆ, ತಳ ತಗ್ಗಿರುವ ಕಾರುಗಳಿಗೆ ಅದೇ ಸರಿ.

ಕಾರಿನ ಕೆಳಗೆ ಮಲಗಿ, ಪೈಪ್ ಇರುವಲ್ಲೇ ಸುತ್ತಿಗೆಯಿಂದ ಬಾರಿಸುವುದು ಬೇರೆಯ ಕಥೆ. ಏಟು ಪೈಪಿಗೆ ಬಿದ್ದರೂ ಒಡೆಯುವುದು ಫ್ಲೇಂಜಿನ ಬೆಸುಗೆ, ಕೀಳುವುದು ಪ್ಯಾಕಿಂಗ್. ಬಿಚ್ಚಿ ಕೆಳಗಿಳಿಸಿ, ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಿ, ದುಂಡನೆಯ ಸರಳನ್ನು ಒತ್ತಾಸೆಗೆ ಇಟ್ಟು ವೈಸ್‌ನಲ್ಲಿ ಮೆಲ್ಲಗೆ ಅದುಮಬೇಕು. ಬೆಸುಗೆಯ ಗೆರೆಯ ಮೇಲಾಗಲಿ, ಎಂಜಿನ್ನಿನಿಂದ ಹೊರಡುವ ಹೆಡರ್ ಪೈಪ್‌ಗಳು ಕೂಡುವ ಜಾಗದಲ್ಲಾಗಲಿ ತಗ್ಗು ಮಾಡಬಾರದು. ಕ್ಯಾಟಲಿಟಿಕ್ ಕನ್ವರ್ಟರ್ ಬಳಿ ಸುತ್ತಿಗೆ ಸುಳಿಯಲೂಬಾರದು. ಒಳಗಿರುವುದು ಸಾಮಾನ್ಯವಾಗಿ ಪಿಂಗಾಣಿಯಂಥ ಜಾಲ, ಬಿರುಕು ಬಿಟ್ಟರೆ ಚೂರುಗಳು ದಾರಿ ಕಟ್ಟಿಕೊಳ್ಳುತ್ತವೆ.

ಹತ್ತು ಹದಿನೈದು ಮಿ.ಮೀ.ಗಿಂತ ಹೆಚ್ಚು ಬೇಕಾದರೆ ಕತ್ತರಿಸಿ ಬೆಸೆಯುವುದೇ ದಾರಿ. ಹೊಸ ಬಾಗು ಹಾಕುವುದಾದರೆ ಮ್ಯಾಂಡ್ರೆಲ್ ಬೆಂಡ್ ಕೇಳಿ: ಪೈಪಿನೊಳಗೆ ಅಚ್ಚು ಇಟ್ಟು ಬಗ್ಗಿಸುವುದರಿಂದ ಅದರ ದುಂಡು ಉಳಿಯುತ್ತದೆ. ಪ್ರೆಸ್ ಬೆಂಡ್‌ನಲ್ಲಿ ಬಾಗಿನ ಒಳಮೈ ಸುಕ್ಕುಗಟ್ಟಿ ಕುಸಿಯುತ್ತದೆ. ಎಂಜಿನ್ನಿಗೆ ಅದರಿಂದಾಗುವ ನಷ್ಟ ಸಣ್ಣ ಕಾರಿನಲ್ಲಿ ಗೊತ್ತಾಗದಿರಬಹುದು, ಆದ್ದರಿಂದ ಬೆಲೆ ತೀರಾ ದೂರವಿದ್ದರೆ ಹಿಂದಿನ ತುಂಡಿಗೆ ಪ್ರೆಸ್ ಬೆಂಡ್ ಹಾಕಿಸಿಕೊಂಡವರನ್ನು ನಾನು ಹಳಿಯುವುದಿಲ್ಲ. ಪೈಪನ್ನು ಬೆಣೆಯಾಕಾರದ ಚೂರುಗಳಾಗಿ ಕತ್ತರಿಸಿ ಬಾಗು ಕಟ್ಟುವ ಪೈ ಕಟ್ ನೋಡಲು ಚೆಂದ. ಬೆಸುಗೆಗಳ ಸಂಖ್ಯೆ ಹೆಚ್ಚಿದಷ್ಟೂ ಬಿರುಕಿಗೆ ಅವಕಾಶ ಹೆಚ್ಚು.

ಬೆಸೆಯುವ ಕ್ರಮವನ್ನೂ ಗಮನಿಸಿ. ಕಾರಿನಲ್ಲಿ ಇರುವಾಗ ನಾಲ್ಕು ಕಡೆ ಚುಕ್ಕೆ ಬೆಸುಗೆ ಮಾತ್ರ. ಆಮೇಲೆ ಕೆಳಗಿಳಿಸಿ ಪೂರ್ತಿ ಸುತ್ತು. ಬೆಸುಗೆ ಆರುವಾಗ ಲೋಹವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಾಗಾಗಿ ನಾಲ್ಕೂ ಕಡೆ ಎದುರುಬದುರಾಗಿ ಹಾಕದಿದ್ದರೆ ಅಳೆದು ಕೂರಿಸಿದ ಪೈಪ್ ಮತ್ತೆ ವಾರೆ. ಕಾರಿನಲ್ಲಿ ಚುಕ್ಕೆ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ, ಆಕ್ಸಿಜನ್ ಸೆನ್ಸರ್‌ನ ಪ್ಲಗ್ ಬಿಚ್ಚಿರಬೇಕು, ಅರ್ಥ್ ಕ್ಲ್ಯಾಂಪ್ ಬೆಸೆಯುವ ಪೈಪಿಗೇ ಕಚ್ಚಿಕೊಂಡಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಬೇಕು. ಟ್ಯಾಂಕಿನ ಪಕ್ಕದಲ್ಲಿ ಬೆಸುಗೆ ಬೇಡವೇ ಬೇಡ. ಕಂಪನಿಯ ಉಕ್ಕಿನ ಪೈಪಿಗೆ 304 ಸ್ಟೇನ್‌ಲೆಸ್ ತುಂಡನ್ನು ಬೆಸೆಯುವುದಾದರೆ 309ಎಲ್ ಬೆಸುಗೆ ಕಡ್ಡಿ ಇದೆಯೇ ಎಂದು ಕೇಳಿ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಆದರೆ 308ಎಲ್. ಪೈಪಿನೊಳಗೂ ಆರ್ಗಾನ್ ತುಂಬುತ್ತೀರಾ ಎಂದು ಕೇಳಿದಾಗ ನಗುವ ವೆಲ್ಡರ್ ಕೈಗೆ ಸ್ಟೇನ್‌ಲೆಸ್ ಕೊಡಬೇಡಿ. ಒಳಗೆ ಗಾಳಿ ಇದ್ದರೆ ಬೆಸುಗೆಯ ಹಿಂಬದಿ ಸುಟ್ಟ ಸಕ್ಕರೆಯಂತೆ ಹರಳುಗಟ್ಟಿ ಪೊಳ್ಳಾಗುತ್ತದೆ.

ತಗುಲುವುದಿಲ್ಲ, ಆದರೆ ಸುಡುತ್ತದೆ

ಬಂಪರ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಅದು ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ, ಮೆತ್ತಗಾಗುವುದು ಅದಕ್ಕೂ ಮುಂಚೆ. ಬಾಲದ ಪೈಪ್ ಬಂಪರಿನ ಅಂಚಿಗಿಂತ ಒಳಗೇ ನಿಂತಿದ್ದರೆ ಬಿಸಿ ಹೊಗೆ ಪ್ಲಾಸ್ಟಿಕ್ಕಿಗೇ ಬಡಿಯುತ್ತದೆ. ತುದಿಯನ್ನು ಸ್ವಲ್ಪ ಹೊರಗೆ ತರುವುದೇ ಪರಿಹಾರ. ಉಳಿದ ಕಡೆ ಪೈಪಿಗೆ ಬಟ್ಟೆಯಂಥ ಹೀಟ್ ವ್ರ್ಯಾಪ್ ಸುತ್ತುವುದೋ, ತಗಡಿನ ಶೀಲ್ಡ್ ಹಾಕುವುದೋ ಎಂದರೆ ನನ್ನ ಮತ ತಗಡಿಗೆ. ಪೈಪಿಗೂ ತಗಡಿಗೂ ನಡುವೆ ಗಾಳಿಯಾಡುವ ಸಂದು ಬಿಟ್ಟರೆ ತೆಳ್ಳನೆಯ ಅಲ್ಯೂಮಿನಿಯಂ ಸಾಕು. ವ್ರ್ಯಾಪ್ ಮಳೆಗಾಲದ ನೀರನ್ನು ಹೀರಿ ಹಿಡಿದುಕೊಂಡು ಸಾಧಾರಣ ಉಕ್ಕನ್ನು ಹೊದಿಕೆಯಡಿಯಲ್ಲೇ ತುಕ್ಕಿಗೆ ತಿನ್ನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಓಡಿಸುವವರು ಅದರ ಗೋಜಿಗೆ ಹೋಗದಿರುವುದೇ ಲೇಸು.

ರಸ್ತೆಗೆ ತಗುಲಿದರೆ

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಹಾಗೆ ಕಟ್ಟಿದ ಹಂಪ್ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಸ್ವಿಫ್ಟ್‌ಗೆ ತೊಂದರೆ ಕೊಡುವುದಿಲ್ಲ. ಬಡಾವಣೆಯವರು ರಾತ್ರೋರಾತ್ರಿ ಜಲ್ಲಿ ಸುರಿದು ಏಳಿಸಿದ ದಿಬ್ಬಕ್ಕೆ ಈ ಅಳತೆಗಳು ಗೊತ್ತಿಲ್ಲ. ಹೊಸ ಮಫ್ಲರ್ ಹಳೆಯದಕ್ಕಿಂತ ಮೂರು ಸೆಂ.ಮೀ. ಕೆಳಗೆ ಜೋತರೆ ಅಲ್ಲೇ ತಿಕ್ಕುತ್ತದೆ.

ಸ್ಪ್ರಿಂಗ್ ಕೆಳಗೆ ಸ್ಪೇಸರ್ ಇಟ್ಟು ಕಾರನ್ನೇ ಎತ್ತುವ ಸಲಹೆ ಕೊಡುವವರಿದ್ದಾರೆ. ಒಂದು ಪೈಪಿಗಾಗಿ ಇಡೀ ಕಾರಿನ ಸಸ್ಪೆನ್ಷನ್ ಕೋನ, ತಿರುವಿನಲ್ಲಿನ ನಡತೆ ಎಲ್ಲವನ್ನೂ ಕೆಡಿಸಿಕೊಳ್ಳುವುದು ಮೂಗಿಗಿಂತ ಮೂಗುತಿ ಭಾರ ಎನ್ನುವಂಥ ಕೆಲಸ. ದಪ್ಪನೆಯ ದುಂಡು ಮಫ್ಲರ್ ಬದಲು ಚಪ್ಪಟೆಯಾದದ್ದನ್ನು ಹಾಕಿಸಿ. ಫ್ಲೇಂಜಿನ ಬೋಲ್ಟ್‌ಗಳ ಬಾಲ ಹಿಂದಕ್ಕೆ ಅಥವಾ ಮೇಲಕ್ಕೆ ಮುಖ ಮಾಡಿರಲಿ, ಕೆಳಗೆ ಚಾಚಿದ ಬೋಲ್ಟ್ ಮೊದಲ ಕಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಕೊನೆಯದಾಗಿ, ಜನ ಕೂತಿರುವಾಗ ಸಮತಟ್ಟಾದ ನೆಲದಿಂದ ಅಳೆದು ನೋಡಿ: ಕಾರಿನ ತಳದಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಸಬ್‌ಫ್ರೇಮ್ ಆಗಿರಬಹುದು, ಎಂಜಿನ್ ಗಾರ್ಡ್ ಆಗಿರಬಹುದು, ಸೈಲೆನ್ಸರ್ ಮಾತ್ರ ಆಗಿರಬಾರದು.

ವಾಪಸ್ ಕೊಡುವುದೂ ಒಂದು ಆಯ್ಕೆ

ಕೆಲವು ಭಾಗಗಳು ಯಾವ ರಿಪೇರಿಗೂ ಬಗ್ಗುವುದಿಲ್ಲ, ಅವು ಬೇರೆ ಕಾರಿಗೆ ಮಾಡಿದವು. ಎಡಬದಿ ಸ್ಟೀರಿಂಗ್‌ನ ದೇಶಗಳಿಗಾಗಿ ತಯಾರಾದ ಹೆಡರ್ ನಮ್ಮ ಬಲಬದಿ ಸ್ಟೀರಿಂಗ್ ಕಾರಿನಲ್ಲಿ ನೇರ ಸ್ಟೀರಿಂಗ್ ಶಾಫ್ಟ್‌ಗೇ ಎದುರಾಗಬಹುದು. ಅಲ್ಲಿ ತಗ್ಗು ಮಾಡಿ ಸರಿಪಡಿಸಲು ಹೋಗುವುದು ಪ್ರಾಣದ ಜೊತೆ ಆಟ. ಹೆಸರು ಒಂದೇ ಆದರೂ ಕಾರು ಒಂದೇ ಇರುವುದಿಲ್ಲ: ಯುರೋಪಿನಲ್ಲಿ 2017ರಲ್ಲೇ ಪೋಲೋ ಹೊಸ ತಲೆಮಾರಿಗೆ ಹೋಯಿತು, ಭಾರತದಲ್ಲಿ ಹಳೆಯದೇ 2022ರವರೆಗೆ ಮಾರಾಟವಾಯಿತು. ಹೊರದೇಶದ ಸ್ವಿಫ್ಟ್ ಸ್ಪೋರ್ಟ್‌ನ ಎರಡು ಬಾಯಿಯ ಸೈಲೆನ್ಸರ್‌ಗೆ ಇಲ್ಲಿನ ಸಾಧಾರಣ ಸ್ವಿಫ್ಟ್ ಬಂಪರಿನಲ್ಲಿ ತೆರಪೇ ಇಲ್ಲ. ಇಂಥದ್ದನ್ನು ಹಾಕಿ ನೋಡುವ ಮೊದಲೇ ನೆಲದ ಮೇಲೆ ಹಳೆಯ ಪೈಪಿನ ಪಕ್ಕ ಮಲಗಿಸಿ, ಫ್ಲೇಂಜ್, ಕೊಕ್ಕೆ, ಬಾಗುಗಳನ್ನು ಹೋಲಿಸಿ. ಕೊಕ್ಕೆಗಳು ಎದುರುಬದುರು ಬರದಿದ್ದರೆ ಡಬ್ಬಿ ಕಟ್ಟಿ ಕಳಿಸಿಬಿಡಿ. ಒಮ್ಮೆ ಹೊಗೆ ಹತ್ತಿದ ಪೈಪನ್ನು ಯಾವ ಅಂಗಡಿಯೂ ಸುಲಭಕ್ಕೆ ವಾಪಸ್ ಪಡೆಯುವುದಿಲ್ಲ.

ಕಾನೂನಿನ ಮಾತೂ ಇಲ್ಲೇ ಬರುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಗಳನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಹೇಳುತ್ತದೆ. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ರ ಅಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಕೂಡ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ಮಾನದಂಡದ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ನ ಹಿಂದೆಯೂ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸಂದು ಸಿಗಲೆಂದು ಕನ್ವರ್ಟರನ್ನೇ ತೆಗೆಸಿದರೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡು ಎಲ್ಲರಿಗೂ ಹೇಳುತ್ತದೆ. ಆದ್ದರಿಂದ ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕದೆ ಫ್ಲೇಂಜಿಗೆ ಗ್ರೀಸ್ ಸವರಿ, ರಬ್ಬರ್, ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಅದಕ್ಕೇ ತೂಗುಹಾಕಿಡಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.